ತೆಗೆದರೂ ಮತ್ತೆ ಬರುವ ಜಾಹೀರಾತು: ಮೇಷ್ಟ್ರ ಲ್ಯಾಪ್‌ಟಾಪ್‌ನಲ್ಲಿ ಸಿಕ್ಕಿದ್ದು

ಆಡ್‌ವೇರ್ ಅಂದರೆ ನಾವು ಕೇಳದೆಯೇ ಬಂದು ಜಾಹೀರಾತು ತೋರಿಸುವ ಸಾಫ್ಟ್‌ವೇರ್. ಬ್ರೌಸರ್‌ಗೆ ಸೇರಿಕೊಂಡ ಆಡ್‌ವೇರ್ ತೆಗೆಯುವುದು ಅಷ್ಟು ಕಷ್ಟವಲ್ಲ. ತೆಗೆದದ್ದು ಮತ್ತೆ ಬಾರದ ಹಾಗೆ ಮಾಡುವುದು ಕಷ್ಟ. ನನ್ನ ಅಂಗಡಿಗೆ ಬರುವ ಲ್ಯಾಪ್‌ಟಾಪ್‌ಗಳನ್ನು ಹೆಚ್ಚಾಗಿ ಯಾರಾದರೂ ಮೊದಲೇ ಒಂದು ಸಲ ಸರಿ ಮಾಡಿರುತ್ತಾರೆ. ಮಗ ಫೋನಿನಲ್ಲಿ ಹೇಳಿಕೊಟ್ಟಿರುತ್ತಾನೆ, ಪಕ್ಕದ ಮನೆ ಹುಡುಗ ಬಂದು ಏನೋ ಡಿಲೀಟ್ ಮಾಡಿರುತ್ತಾನೆ. ಎರಡು ದಿನ ಚೆನ್ನಾಗಿರುತ್ತದೆ. ಆಮೇಲೆ ಅದೇ ಜಾಹೀರಾತು, ಅದೇ ಜಾಗ. ಅದಕ್ಕೇ ಈ ಬರಹ. ಏನನ್ನು ತೆಗೆಯಬೇಕು ಅನ್ನುವುದಕ್ಕಿಂತ, ಅದನ್ನು ಯಾರು ವಾಪಸ್ ತಂದು ಹಾಕುತ್ತಿದ್ದಾರೆ ಅಂತ ಹುಡುಕುವುದು ಹೇಗೆ ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ.

ನನ್ನದು ಸೋಮವಾರಪೇಟೆಯಲ್ಲಿ ಸಣ್ಣ ಆನ್‌ಲೈನ್ ಸೆಂಟರ್. ಪಹಣಿ ತೆಗೆದುಕೊಡುವುದು, ಅರ್ಜಿ ಹಾಕುವುದು, ಜೆರಾಕ್ಸ್, ಲ್ಯಾಮಿನೇಶನ್. ಜೊತೆಗೆ ಕಂಪ್ಯೂಟರ್ ಕೆಲಸ. ಸೋಮವಾರ ಸಂತೆಗೆ ಬರುವವರು ಚೀಲದಲ್ಲಿ ತರಕಾರಿ, ಕಂಕುಳಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬರುತ್ತಾರೆ. ಹೆಚ್ಚಿನವರು ವಯಸ್ಸಾದವರು. ಮಕ್ಕಳು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇರುತ್ತಾರೆ. ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡ ಮೇಲೆ ಹಳೆಯದನ್ನು ತೋಟದ ಮನೆಯಲ್ಲಿ ಬಿಟ್ಟು ಹೋಗಿರುತ್ತಾರೆ. ಅಪ್ಪ ಅಮ್ಮ ಅದರಲ್ಲಿ ಕಾಫಿ ರೇಟ್ ನೋಡುತ್ತಾರೆ, ಮೊಮ್ಮಗುವಿನ ಮುಖ ನೋಡುತ್ತಾರೆ, ಬ್ಯಾಂಕ್ ಬ್ಯಾಲೆನ್ಸ್ ನೋಡುತ್ತಾರೆ. ಮಳೆಗಾಲದಲ್ಲಿ ಹೊರಗೆ ಕಾಲಿಡಲು ಆಗದಿದ್ದಾಗ ಅದೊಂದೇ ಕಿಟಕಿ.

ಕಳೆದ ಮಳೆಗಾಲದಲ್ಲಿ ಶಾಂತಳ್ಳಿ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಅಂಥದ್ದೊಂದು ಲ್ಯಾಪ್‌ಟಾಪ್ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ ತಂದಿದ್ದರು. ಏನು ಹುಡುಕಿದರೂ ಗೂಗಲ್ ಬದಲು ಬೇರೆ ಯಾವುದೋ ಪುಟ ತೆರೆಯುತ್ತಿತ್ತು. ಅಲ್ಲಿಂದ ಇನ್ನೊಂದಕ್ಕೆ ಹಾರಿ, ಕೊನೆಗೆ ಮೇಲಿಂದ ಕೆಳಗೆ ಜಾಹೀರಾತು ತುಂಬಿದ ಫಲಿತಾಂಶ ಬರುತ್ತಿತ್ತು. ಪರದೆಯ ಬಲಗಡೆ ಕೆಳಮೂಲೆಯಲ್ಲಿ ನಿಮಿಷಕ್ಕೊಂದು ಚೌಕ ಏಳುತ್ತಿತ್ತು. ‘ನಿಮ್ಮ ಕಂಪ್ಯೂಟರ್‌ನಲ್ಲಿ 5 ವೈರಸ್ ಸಿಕ್ಕಿವೆ’, ‘ಆಂಟಿವೈರಸ್ ಅವಧಿ ಮುಗಿದಿದೆ’ ಅಂತ ಇಂಗ್ಲಿಷ್‌ನಲ್ಲಿ, ಕೆಂಪು ಬಣ್ಣದಲ್ಲಿ.

“ನಾನೇ ತೆಗೆದೆ ಕಣಮ್ಮ. ಮಾರನೇ ದಿನ ಬೆಳಿಗ್ಗೆ ನೋಡಿದರೆ ಮತ್ತೆ ಅಲ್ಲೇ ಉಂಟು. ಯಾರು ತಂದು ಹಾಕ್ತಾರೆ ಅದನ್ನ?” ಅಂದರು.

“ಅದನ್ನೇ ಹುಡುಕೋಣ ಸರ್, ಕೂತ್ಕೊಳ್ಳಿ” ಅಂದೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಈ ಕೆಲಸ ಮಾಡುವ ಎಷ್ಟೋ ಹುಡುಗರು ಅದನ್ನು ಕೇಳಿಕೊಳ್ಳುವುದೇ ಇಲ್ಲ. ಸೀದಾ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಫೋಟೋ, ದಾಖಲೆ ಎಲ್ಲ ಹೋಗುತ್ತದೆ. ಬ್ರೌಸರ್ ಆಡ್‌ವೇರ್‌ಗೆ ಫಾರ್ಮ್ಯಾಟ್ ಬೇಕಾಗುವುದು ತೀರಾ ಅಪರೂಪ.

ಮೊದಲು ಆ ಕೆಳಮೂಲೆಯ ಚೌಕಗಳ ವಿಷಯ ಮುಗಿಸುತ್ತೇನೆ. ನೋಡಲು ಅದೇ ಜಾಸ್ತಿ ಭಯ ಹುಟ್ಟಿಸುವುದು, ಆದರೆ ತೆಗೆಯಲು ಅದೇ ಸುಲಭ. ಅದು ವೈರಸ್ ಅಲ್ಲ, ಆಂಟಿವೈರಸ್ಸೂ ಅಲ್ಲ. ಯಾವುದೋ ಒಂದು ವೆಬ್‌ಸೈಟ್‌ಗೆ ನೋಟಿಫಿಕೇಶನ್ ಕಳಿಸಲು ನಾವೇ ಅನುಮತಿ ಕೊಟ್ಟಿರುತ್ತೇವೆ. ಚೌಕವನ್ನು ಸರಿಯಾಗಿ ನೋಡಿ. ಸಣ್ಣ ಅಕ್ಷರದಲ್ಲಿ ಗೂಗಲ್ ಕ್ರೋಮ್ ಅಂತಲೂ, ಒಂದು ಸೈಟ್ ಹೆಸರೂ ಇರುತ್ತದೆ. ನಿಜವಾದ ಆಂಟಿವೈರಸ್ ಆಗಿದ್ದರೆ ಅಲ್ಲಿ ಕ್ರೋಮ್ ಹೆಸರು ಯಾಕೆ ಬರಬೇಕು, ಅಲ್ವಾ? ಕ್ರೋಮ್‌ನ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಅಂಡ್ ಸೆಕ್ಯೂರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಶನ್ಸ್ ತೆರೆಯಿರಿ. ಅನುಮತಿ ಪಡೆದ ಸೈಟ್‌ಗಳ ಪಟ್ಟಿ ಇರುತ್ತದೆ. ಗುರುತಿಲ್ಲದ್ದನ್ನೆಲ್ಲ ತೆಗೆಯಿರಿ. ಮೇಷ್ಟ್ರ ಪಟ್ಟಿಯಲ್ಲಿ ಅರ್ಥವೇ ಇಲ್ಲದ ಅಕ್ಷರಗಳ ಸೈಟ್ ಹೆಸರುಗಳು ಸಾಲಾಗಿ ಇದ್ದವು.

ಅವು ಹೇಗೆ ಬಂದವು ಅಂತ ಅವರಿಗೂ ಗೊತ್ತಿತ್ತು. ದಿನದ ಕಾಫಿ ರೇಟ್ ಹುಡುಕುವಾಗ ಒಂದು ಪುಟ ತೆರೆದಿದೆ. ‘ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ’ ಅಂತ ಬಂದಿದೆ. ಒತ್ತಿದ್ದಾರೆ. ಇದು ಬಹಳ ಹಳೆಯ ಮೋಸ. ರೋಬೋಟ್ ಪರೀಕ್ಷೆಗೂ ಆ ಅಲೋ ಬಟನ್‌ಗೂ ಸಂಬಂಧವೇ ಇಲ್ಲ. ಆ ಬಟನ್ ಇರುವುದು ನೋಟಿಫಿಕೇಶನ್ ಅನುಮತಿಗೆ ಮಾತ್ರ. ಅರೇಬಿಕಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ 50 ಕೆಜಿ ಮೂಟೆಗೆ ಎಷ್ಟು ಅಂತ ಕೊಯ್ಲಿನ ಸಮಯದಲ್ಲಿ ಇಡೀ ಕೊಡಗು ಹುಡುಕುತ್ತದೆ. ಜನ ಜಾಸ್ತಿ ಹುಡುಕುವ ಕಡೆ ಇಂಥ ಬಲೆಯೂ ಜಾಸ್ತಿ. ಕಾಫಿ ಬೋರ್ಡ್‌ನ ಸ್ವಂತ ತಾಣದಲ್ಲೇ ಮಾರುಕಟ್ಟೆ ದರದ ವರದಿ ಸಿಗುತ್ತದೆ. ಅದನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ದಿನಾ ಹುಡುಕುವ ಕೆಲಸವೇ ಇಲ್ಲ. ಮೇಷ್ಟ್ರಿಗೆ ಹಾಗೇ ಮಾಡಿಕೊಟ್ಟೆ.

ಚೌಕಗಳು ನಿಂತವು. ಹುಡುಕಾಟ ಬೇರೆ ಕಡೆ ಹೋಗುವುದು ನಿಲ್ಲಲಿಲ್ಲ.

ಹುಡುಕಾಟವನ್ನು ತಿರುಗಿಸುವ ಕೆಲಸ ಸಾಮಾನ್ಯವಾಗಿ ಎಕ್ಸ್‌ಟೆನ್ಶನ್‌ನದು, ಅಂದರೆ ಬ್ರೌಸರ್‌ಗೆ ಜೋಡಿಸಿಕೊಳ್ಳುವ ಸಣ್ಣ ಹೆಚ್ಚುವರಿ ಪ್ರೋಗ್ರಾಂನದು. ಕ್ರೋಮ್‌ನ ಬಲಮೂಲೆಯ ಮೂರು ಚುಕ್ಕಿ ಒತ್ತಿ ಎಕ್ಸ್‌ಟೆನ್ಶನ್ಸ್ ಪಟ್ಟಿ ತೆರೆದೆ. ಮೇಷ್ಟ್ರು ಹಾಕಿಕೊಳ್ಳದ ಒಂದು ಎಕ್ಸ್‌ಟೆನ್ಶನ್ ಅಲ್ಲಿತ್ತು. ಹೆಸರು ನೋಡಿದರೆ ಹುಡುಕಲು ಸಹಾಯ ಮಾಡುವಂಥದ್ದು. ಬೇರೆಯವುಗಳ ಕೆಳಗೆ ‘ರಿಮೂವ್’ ಬಟನ್ ಇರುತ್ತದೆ. ಇದರ ಕೆಳಗೆ ಇರಲಿಲ್ಲ. ಆಫ್ ಮಾಡುವ ಗುಂಡಿಯೂ ಬೂದು ಬಣ್ಣಕ್ಕೆ ತಿರುಗಿ ಒತ್ತಲು ಬರುತ್ತಿರಲಿಲ್ಲ. ಮೂರು ಚುಕ್ಕಿ ಮೆನುವಿನ ಕೊನೆಯಲ್ಲಿ ಒಂದು ಸಾಲು: ‘ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್’. ಅಂದರೆ ಈ ಬ್ರೌಸರ್ ನಿಮ್ಮ ಸಂಸ್ಥೆಯ ಹಿಡಿತದಲ್ಲಿದೆ ಅಂತ.

ಶಾಂತಳ್ಳಿ ಹತ್ತಿರದ ತೋಟದ ಮನೆಯ ಲ್ಯಾಪ್‌ಟಾಪ್‌ಗೆ ಯಾವ ಸಂಸ್ಥೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಸಾಲು ಅರ್ಥವಾಗದೆ ಎಷ್ಟೋ ಜನ ಸೋತು ಬಿಡುತ್ತಾರೆ. ದೊಡ್ಡ ಕಚೇರಿಗಳಲ್ಲಿ ನೂರಾರು ಕಂಪ್ಯೂಟರ್ ಇರುತ್ತವೆ. ಎಲ್ಲದರಲ್ಲೂ ಒಂದೇ ಸೆಟ್ಟಿಂಗ್ ಇರಲಿ, ನೌಕರರು ಅದನ್ನು ಬದಲಿಸದೆ ಇರಲಿ ಅಂತ ಕ್ರೋಮ್‌ನಲ್ಲಿ ‘ಪಾಲಿಸಿ’ ಅನ್ನುವ ಏರ್ಪಾಡು ಇದೆ. ಕಚೇರಿಯ ಐಟಿಯವರು ಒಂದು ಎಕ್ಸ್‌ಟೆನ್ಶನ್ ಅನ್ನು ಎಲ್ಲರಿಗೂ ಕಡ್ಡಾಯವಾಗಿ ಹಾಕಬಹುದು. ಹಾಗೆ ಹಾಕಿದ್ದನ್ನು ಬಳಸುವವರು ತೆಗೆಯಲು ಆಗುವುದಿಲ್ಲ. ಈ ಆದೇಶ ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ಕಡತದಲ್ಲಿ, ಕೂತಿರುತ್ತದೆ. ಕ್ರೋಮ್ ಶುರುವಾದಾಗ ಅದನ್ನು ಓದಿ ಹಾಗೇ ನಡೆದುಕೊಳ್ಳುತ್ತದೆ. ಬರೆದವರು ಯಾರು ಅಂತ ಅದಕ್ಕೆ ತಿಳಿಯುವುದಿಲ್ಲ. ಯಾವುದೋ ಸಾಫ್ಟ್‌ವೇರ್ ಹಾಕುವಾಗ ‘ಈ ಪ್ರೋಗ್ರಾಂ ಬದಲಾವಣೆ ಮಾಡಲು ಬಿಡುತ್ತೀರಾ’ ಅಂತ ವಿಂಡೋಸ್ ಕೇಳುತ್ತದಲ್ಲ, ಅದಕ್ಕೆ ಯೆಸ್ ಒತ್ತಿದ ಮೇಲೆ ಆ ಸಾಫ್ಟ್‌ವೇರ್ ಕೂಡ ರಿಜಿಸ್ಟ್ರಿಯಲ್ಲಿ ಬರೆಯಬಹುದು. ಆಡ್‌ವೇರ್ ಮಾಡಿದ್ದು ಅಷ್ಟೇ. ಐಟಿಯವರ ವೇಷ ಹಾಕಿ ಕಡ್ಡಾಯ ಆದೇಶ ಬರೆದಿಟ್ಟಿದೆ.

ನಿಮ್ಮ ಕ್ರೋಮ್‌ನಲ್ಲಿ ಇಂಥ ಆದೇಶ ಇದೆಯಾ ಅಂತ ನೋಡುವುದು ಸುಲಭ. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕ್ರೋಮ್ ಅಂತ ಬರೆದು, ಕೋಲನ್, ಎರಡು ಓರೆಗೆರೆ, ಆಮೇಲೆ ಪಾಲಿಸಿ ಅಂತ ಬರೆದು ಎಂಟರ್ ಒತ್ತಿ. ಮನೆಯ ಕಂಪ್ಯೂಟರ್ ಆದರೆ ಆ ಪುಟ ಸಾಮಾನ್ಯವಾಗಿ ಖಾಲಿ ಇರುತ್ತದೆ. ಮೇಷ್ಟ್ರದ್ದರಲ್ಲಿ ‘ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್’ ಅನ್ನುವ ಸಾಲಿತ್ತು. ಅದರ ಮುಂದೆ 32 ಅಕ್ಷರಗಳ ಒಂದು ಉದ್ದನೆಯ ಸರ. ಪ್ರತಿ ಎಕ್ಸ್‌ಟೆನ್ಶನ್‌ಗೂ ಅಂಥ ಒಂದು ಗುರುತು ಇರುತ್ತದೆ. ಇಂಗ್ಲಿಷ್‌ನ ಎ ಇಂದ ಪಿ ವರೆಗಿನ ಅಕ್ಷರಗಳು ಮಾತ್ರ ಅದರಲ್ಲಿ ಬರುತ್ತವೆ. ಎಕ್ಸ್‌ಟೆನ್ಶನ್ ಪುಟದಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಅಲ್ಲೂ ಅದೇ ಸರ ಕಾಣಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ಒಂದೇ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಕಚೇರಿಯಿಂದ ಕೊಟ್ಟ ಲ್ಯಾಪ್‌ಟಾಪ್ ಆದರೆ ಈ ಪುಟದಲ್ಲಿ ಏನೇ ಇದ್ದರೂ ಮುಟ್ಟಬೇಡಿ. ಅವರ ಐಟಿ ವಿಭಾಗಕ್ಕೆ ಹೇಳಿ. ಕೆಲವು ನಿಜವಾದ ಆಂಟಿವೈರಸ್‌ಗಳೂ ಒಂದೆರಡು ಪಾಲಿಸಿ ಬರೆಯುತ್ತವೆ. ಆದ್ದರಿಂದ ಆ ಸಾಲು ಕಂಡ ಕೂಡಲೇ ಗಾಬರಿ ಬೇಡ. ಒಳಗೆ ಏನು ಬರೆದಿದೆ ಅಂತ ಓದಿ.

ರಿಜಿಸ್ಟ್ರಿ ಎಡಿಟರ್ ತೆರೆದು, ಎಚ್‌ಕೀ ಲೋಕಲ್ ಮಷೀನ್, ಸಾಫ್ಟ್‌ವೇರ್, ಪಾಲಿಸೀಸ್, ಗೂಗಲ್, ಕ್ರೋಮ್ ಅನ್ನುವ ದಾರಿಯಲ್ಲಿ ಇಳಿದರೆ ಆ ಆದೇಶ ಸಿಗುತ್ತದೆ. ಎಚ್‌ಕೀ ಕರೆಂಟ್ ಯೂಸರ್ ಕೆಳಗೂ ಇದೇ ದಾರಿ ಇರಬಹುದು, ಅಲ್ಲೂ ನೋಡಬೇಕು. ಅಳಿಸುವ ಮುಂಚೆ ಆ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ತಪ್ಪಿದರೆ ವಾಪಸ್ ಹಾಕಬಹುದು. ರಿಜಿಸ್ಟ್ರಿಯಲ್ಲಿ ಕೈಯಾಡಿಸಿ ಅಭ್ಯಾಸ ಇಲ್ಲದವರು ಇದನ್ನು ಗೊತ್ತಿದ್ದವರ ಕೈಲಿ ಮಾಡಿಸುವುದೇ ಒಳ್ಳೆಯದು.

ಆದರೆ ನಾನು ಆಗಲೇ ಅದನ್ನು ಅಳಿಸಲಿಲ್ಲ. ಮೇಷ್ಟ್ರ ಪ್ರಶ್ನೆ ಹಾಗೇ ಉಳಿದಿತ್ತಲ್ಲ. ಅವರ ಮಗ ಬೆಂಗಳೂರಿನಿಂದಲೇ ಲ್ಯಾಪ್‌ಟಾಪ್‌ಗೆ ಕನೆಕ್ಟ್ ಆಗಿ ರಿಜಿಸ್ಟ್ರಿಯಿಂದ ಇದನ್ನು ಒಮ್ಮೆ ತೆಗೆದಿದ್ದನಂತೆ. ಓದಿ ತಿಳಿದುಕೊಂಡೇ ಮಾಡಿದ್ದ. ಆದರೂ ಮಾರನೇ ದಿನ ಬಂತು. ಅಂದರೆ ರಿಜಿಸ್ಟ್ರಿಯಲ್ಲಿ ಬರೆಯುವ ಇನ್ನೊಂದು ಕೈ ಒಳಗೇ ಇದೆ.

ಅರೇಬಿಕಾ ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಎಲೆ ಹಳದಿ ಆಯಿತು ಅಂತ ಎಲೆ ಕಿತ್ತರೆ ಗಿಡ ಉಳಿಯುವುದಿಲ್ಲ. ಬೋರರ್ ಅನ್ನುವ ಹುಳ ಕಾಂಡದೊಳಗೆ ಸುರಂಗ ಕೊರೆದುಕೊಂಡು ಕೂತಿರುತ್ತದೆ. ಕಾಂಡದ ಮೇಲೆ ಉಬ್ಬಿದ ಏಣು ನೋಡಿ, ಆ ಗಿಡ ಯಾವುದು ಅಂತ ಗುರುತು ಹಿಡಿದು, ಬುಡಸಮೇತ ಕಿತ್ತು ಸುಡಬೇಕು. ಹುಳ ಹಾರುವ ಕಾಲ ಬರುವ ಮುಂಚೆ ಮಾಡಬೇಕು. ಮೇಷ್ಟ್ರಿಗೆ ಇದನ್ನು ಹೇಳಿದ ಕೂಡಲೇ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಆ ಇನ್ನೊಂದು ಕೈ ಹೆಚ್ಚಾಗಿ ಇರುವುದು ಟಾಸ್ಕ್ ಶೆಡ್ಯೂಲರ್‌ನಲ್ಲಿ. ವಿಂಡೋಸ್‌ಗೆ ‘ಇಂಥ ಹೊತ್ತಿಗೆ ಇಂಥ ಕೆಲಸ ಮಾಡು’ ಅಂತ ಹೇಳಿಡುವ ಜಾಗ ಅದು. ಸ್ಟಾರ್ಟ್ ಮೆನುವಿನಲ್ಲಿ ಅದರ ಹೆಸರು ಬರೆದರೆ ತೆರೆಯುತ್ತದೆ. ಎಡಗಡೆ ಲೈಬ್ರರಿ ಒತ್ತಿದರೆ ಕೆಲಸಗಳ ಪಟ್ಟಿ. ಅದರಲ್ಲಿ ಒಳ್ಳೆಯವೂ ಬೇಕಾದಷ್ಟು ಇರುತ್ತವೆ. ಗೂಗಲ್ ಅಪ್‌ಡೇಟ್ ಇರುತ್ತದೆ, ಪ್ರಿಂಟರ್‌ನದು ಇರುತ್ತದೆ. ಹೆಸರು ನೋಡಿ ತೀರ್ಮಾನ ಮಾಡಬೇಡಿ. ಕೆಟ್ಟವಕ್ಕೂ ‘ಅಪ್‌ಡೇಟರ್’ ಅನ್ನುವಂಥ ಒಳ್ಳೆಯ ಹೆಸರೇ ಇರುತ್ತದೆ. ಒಂದೊಂದರ ಮೇಲೂ ಒತ್ತಿ, ‘ಆಕ್ಷನ್ಸ್’ ಅನ್ನುವ ಕಡೆ ಅದು ಏನನ್ನು ನಡೆಸುತ್ತದೆ ನೋಡಿ. ‘ಟ್ರಿಗರ್ಸ್’ ಕಡೆ ಯಾವಾಗ ನಡೆಸುತ್ತದೆ ನೋಡಿ.

ಇವರದ್ದರಲ್ಲಿ ಒಂದು ಕೆಲಸ, ಲಾಗಿನ್ ಆದಾಗಲೆಲ್ಲ ಪವರ್‌ಶೆಲ್ ಅನ್ನುವ ವಿಂಡೋಸ್‌ನ ಆದೇಶ ನಡೆಸುವ ಪ್ರೋಗ್ರಾಂ ಅನ್ನು ಕರೆದು ಒಂದು ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಬರೆದಿಟ್ಟ ಫೈಲ್, ನಡೆಸುತ್ತಿತ್ತು. ಆ ಸ್ಕ್ರಿಪ್ಟ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದೆ. ರಿಜಿಸ್ಟ್ರಿಯ ಆ ದಾರಿಯೂ ಆ 32 ಅಕ್ಷರದ ಸರವೂ ಅದರಲ್ಲೇ ಇದ್ದವು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿದರು. “ಇವನೇ!” ಅಂದರು. ನನಗೂ ಅಷ್ಟೇ ಖುಷಿ ಆಯಿತು.

ಇದು ಇವರೊಬ್ಬರಿಗೆ ಬಂದ ಕಾಯಿಲೆ ಅಲ್ಲ. 2024ರ ಆಗಸ್ಟ್‌ನಲ್ಲಿ ರೀಸನ್‌ಲ್ಯಾಬ್ಸ್ ಅನ್ನುವ ಭದ್ರತಾ ಕಂಪನಿ ಇಂಥದ್ದೇ ಒಂದು ಜಾಲದ ಬಗ್ಗೆ ವರದಿ ಮಾಡಿತ್ತು. ಹೆಸರಾಂತ ಉಚಿತ ಸಾಫ್ಟ್‌ವೇರ್‌ಗಳ ನಕಲಿ ಡೌನ್‌ಲೋಡ್ ಪುಟ ಮಾಡಿ, ಅಲ್ಲಿಂದ ಕ್ರೋಮ್ ಮತ್ತು ಎಡ್ಜ್‌ಗೆ ಎಕ್ಸ್‌ಟೆನ್ಶನ್ ತುರುಕುತ್ತಿದ್ದರು. ಕಡಿಮೆ ಅಂದರೂ 3 ಲಕ್ಷ ಜನಕ್ಕೆ ತಗುಲಿದೆ, 2021ರಿಂದ ನಡೆಯುತ್ತಿದೆ ಅಂತ ಅದರಲ್ಲಿತ್ತು. ಅಲ್ಲೂ ಇದೇ ಕ್ರಮ. ಶೆಡ್ಯೂಲ್ ಮಾಡಿದ ಕೆಲಸ, ಪವರ್‌ಶೆಲ್, ರಿಜಿಸ್ಟ್ರಿಯಲ್ಲಿ ಕಡ್ಡಾಯ ಆದೇಶ.

ಈಗ ತೆಗೆಯುವ ಕ್ರಮ ತಿರುವುಮುರುವಾಗಿರಬೇಕು. ಕಣ್ಣಿಗೆ ಕಾಣುವ ಎಕ್ಸ್‌ಟೆನ್ಶನ್‌ನಿಂದ ಶುರು ಮಾಡಬಾರದು. ಕ್ರೋಮ್ ಪೂರ್ತಿ ಮುಚ್ಚಿ, ಇಂಟರ್‌ನೆಟ್ ಆಫ್ ಮಾಡಿ, ಮೊದಲು ಶೆಡ್ಯೂಲ್ ಮಾಡಿದ ಕೆಲಸ ಅಳಿಸಬೇಕು. ಆಮೇಲೆ ಅದು ಕರೆಯುತ್ತಿದ್ದ ಸ್ಕ್ರಿಪ್ಟ್ ಫೈಲ್. ಆಮೇಲೆ ರಿಜಿಸ್ಟ್ರಿಯ ಆದೇಶ. ಇಷ್ಟಾದ ಮೇಲೆ ಕ್ರೋಮ್ ತೆರೆದರೆ ಎಕ್ಸ್‌ಟೆನ್ಶನ್ ತಾನೇ ಹೋಗಿರುತ್ತದೆ, ಇಲ್ಲದಿದ್ದರೆ ರಿಮೂವ್ ಬಟನ್ ಬಂದಿರುತ್ತದೆ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಪಾಲಿಸಿ ಪುಟ ಇನ್ನೊಮ್ಮೆ ನೋಡಿ. ಖಾಲಿ ಇದ್ದರೆ ಮುಖ್ಯ ಕೆಲಸ ಆಯಿತು.

ಟಾಸ್ಕ್ ಶೆಡ್ಯೂಲರ್‌ನಲ್ಲಿ ಇನ್ನೊಂದು ಉಪಯೋಗ ಇದೆ. ಆ ಕೆಲಸವನ್ನು ಯಾವತ್ತು ಸೃಷ್ಟಿಸಿದ್ದು ಅಂತ ದಿನಾಂಕ ತೋರಿಸುತ್ತದೆ. ಅದನ್ನು ಹಿಡಿದುಕೊಂಡು ವಿಂಡೋಸ್ ಸೆಟ್ಟಿಂಗ್ಸ್‌ನ ಆಪ್ಸ್ ಪಟ್ಟಿಗೆ ಹೋಗಿ, ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಜೋಡಿಸಿ. ಅದೇ ದಿನ ಬಂದವರು ಯಾರು ಅಂತ ಗೊತ್ತಾಗುತ್ತದೆ. ಮೇಷ್ಟ್ರದ್ದರಲ್ಲಿ ಅದೇ ದಿನ ಪಿಡಿಎಫ್ ಜೋಡಿಸುವ ಉಚಿತ ಸಾಫ್ಟ್‌ವೇರ್ ಒಂದು ಬಂದಿತ್ತು. ತೋಟದ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡಿಸಿ ಒಂದೇ ಫೈಲ್ ಮಾಡಬೇಕಿತ್ತಂತೆ. ಅದನ್ನು ತೆಗೆದೆ. ಅದರ ಬೆನ್ನಿಗೇ ಬಂದಿದ್ದ, ಅವರು ಕೇಳಿಯೇ ಇರದ ಎರಡು ಪ್ರೋಗ್ರಾಂಗಳನ್ನೂ ತೆಗೆದೆ.

ನಮ್ಮ ಕಡೆ ಆಡ್‌ವೇರ್ ಬರುವ ಬಾಗಿಲುಗಳು ಹೆಚ್ಚುಕಡಿಮೆ ಇವೇ. ಪಿಡಿಎಫ್ ಸಾಫ್ಟ್‌ವೇರ್. ಹಳೇ ಪ್ರಿಂಟರ್‌ನ ಡ್ರೈವರ್. ವಿಡಿಯೋ ಇಳಿಸಿಕೊಳ್ಳುವ ಸಾಫ್ಟ್‌ವೇರ್. ಮತ್ತೆ ನನಗೆ ತುಂಬಾ ಬೇಸರ ತರಿಸುವುದು, ನುಡಿ. ಕನ್ನಡ ಗಣಕ ಪರಿಷತ್ತು ಮಾಡಿರುವ ನುಡಿ ಉಚಿತ, ಅವರ ತಾಣದಲ್ಲೇ ಸಿಗುತ್ತದೆ. ಆದರೆ ಜನ ಹುಡುಕಿದಾಗ ಬೇರೆ ಯಾವುದೋ ಡೌನ್‌ಲೋಡ್ ಸೈಟ್‌ಗೆ ಹೋಗಿಬಿಡುತ್ತಾರೆ. ಆ ಪುಟದಲ್ಲಿ ಹಸಿರು ಬಣ್ಣದ ದೊಡ್ಡ ಡೌನ್‌ಲೋಡ್ ಬಟನ್‌ಗಳು ನಾಲ್ಕೈದು ಇರುತ್ತವೆ, ಹೆಚ್ಚಿನವು ಜಾಹೀರಾತು. ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಲು ಹೊರಟವರ ಕಂಪ್ಯೂಟರ್‌ಗೆ ಇದು ಸೇರುತ್ತದಲ್ಲ, ಅದು ನನಗೆ ಸಹಿಸಲು ಆಗುವುದಿಲ್ಲ. ಯಾವುದೇ ಸಾಫ್ಟ್‌ವೇರ್ ಆಗಲಿ, ಮಾಡಿದವರ ತಾಣದಿಂದಲೇ ತೆಗೆದುಕೊಳ್ಳಿ. ಹಾಕುವಾಗ ನೆಕ್ಸ್ಟ್ ನೆಕ್ಸ್ಟ್ ಅಂತ ಒತ್ತುತ್ತಾ ಹೋಗಬೇಡಿ. ‘ಕಸ್ಟಮ್’ ಅನ್ನುವ ಆಯ್ಕೆ ತೆಗೆದುಕೊಂಡು, ಜೊತೆಗೆ ಇನ್ನೇನು ಹಾಕುತ್ತಿದ್ದಾರೆ ನೋಡಿ, ಬೇಡದ ಟಿಕ್ ತೆಗೆಯಿರಿ.

ಕೈಯಿಂದ ಹುಡುಕಿ ತೆಗೆದ ಮೇಲೂ ನಾನು ಒಮ್ಮೆ ಸ್ಕ್ಯಾನ್ ಮಾಡುತ್ತೇನೆ. ಇದಕ್ಕೆ ನಾನು ಬಳಸುವುದು ಆಡ್‌ಕ್ಲೀನರ್. 2016ರಲ್ಲಿ ಮಾಲ್‌ವೇರ್‌ಬೈಟ್ಸ್ ಕಂಪನಿ ಇದನ್ನು ಕೊಂಡುಕೊಂಡಿತು, ಈಗಲೂ ಉಚಿತ. ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ, ಪೆನ್ ಡ್ರೈವ್‌ನಲ್ಲಿ ಇಟ್ಟುಕೊಂಡು ಸೀದಾ ನಡೆಸಬಹುದು. ನಮ್ಮ ದೇಶದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ಅಂತ ಶುರು ಮಾಡಿದೆ, ಅದರ ತಾಣದಲ್ಲೂ ಉಚಿತ ಕ್ಲೀನಿಂಗ್ ಟೂಲ್‌ಗಳಿವೆ. ವಿಂಡೋಸ್ ಸೆಕ್ಯೂರಿಟಿಯಲ್ಲೇ ಆಫ್‌ಲೈನ್ ಸ್ಕ್ಯಾನ್ ಇದೆ. ವಿಂಡೋಸ್ ಪೂರ್ತಿ ಏಳುವ ಮುಂಚೆಯೇ ಹುಡುಕುವುದರಿಂದ ಅಡಗಿ ಕೂತದ್ದೂ ಸಿಗುತ್ತದೆ. ಸುಮಾರು 15 ನಿಮಿಷ ಬೇಕು. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ, ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿಯೂ ನಿಲ್ಲುವುದಿಲ್ಲ. ಹಾಗಾಗಿ ಅದನ್ನು ಯುಪಿಎಸ್ ಇರುವ ಕಡೆ ಮಾಡುವುದು ಒಳ್ಳೆಯದು.

ಅದೇ ವಿಂಡೋಸ್ ಸೆಕ್ಯೂರಿಟಿಯಲ್ಲಿ ಆಪ್ ಅಂಡ್ ಬ್ರೌಸರ್ ಕಂಟ್ರೋಲ್ ಒಳಗೆ ‘ಪೊಟೆನ್ಶಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್’ ಅಂತ ಒಂದಿದೆ. ಜೊತೆಗೆ ಅಂಟಿಕೊಂಡು ಬರುವ ಸಾಫ್ಟ್‌ವೇರ್‌ಗಳನ್ನು ತಡೆಯಲೆಂದೇ ಇರುವುದು ಅದು. ಆನ್ ಇದೆಯಾ ನೋಡಿ. ಮೇಷ್ಟ್ರದ್ದರಲ್ಲಿ ಆಫ್ ಆಗಿತ್ತು.

ಹಳೆಯ ಸಲಹೆಗಳನ್ನು ಓದಿ ಕ್ರೋಮ್‌ನ ಒಳಗೆ ‘ಕ್ಲೀನ್ ಅಪ್ ಕಂಪ್ಯೂಟರ್’ ಅನ್ನುವುದನ್ನು ಹುಡುಕುವವರು ಇದ್ದಾರೆ. ಅದು ಈಗ ಇಲ್ಲ. 2023ರಲ್ಲೇ ಗೂಗಲ್ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಸೆಟ್ಟಿಂಗ್ಸ್ ಕೊನೆಯಲ್ಲಿರುವ ರೀಸೆಟ್. ಅದು ಹುಡುಕುವ ಎಂಜಿನ್, ಶುರುವಾಗುವ ಪುಟ ಎಲ್ಲವನ್ನೂ ಮೊದಲಿನ ಹಾಗೆ ಮಾಡುತ್ತದೆ, ಎಕ್ಸ್‌ಟೆನ್ಶನ್‌ಗಳನ್ನು ಆಫ್ ಮಾಡುತ್ತದೆ. ಬುಕ್‌ಮಾರ್ಕ್, ಸೇವ್ ಆದ ಪಾಸ್‌ವರ್ಡ್ ಹೋಗುವುದಿಲ್ಲ. ಆದರೆ ಪಾಲಿಸಿ ಆದೇಶವನ್ನು ಮುಟ್ಟುವುದಿಲ್ಲ. ಬರೀ ರೀಸೆಟ್ ಮಾಡಿ ಸೋತವರು ಸೋತದ್ದು ಅದಕ್ಕೇ.

ಇನ್ನು ‘ಈ ಆಡ್‌ವೇರ್ ತೆಗೆಯುವುದು ಹೇಗೆ’ ಅಂತ ಅದರ ಹೆಸರು ಹಾಕಿ ಹುಡುಕಿದರೆ ಬರುವ ಪುಟಗಳ ಬಗ್ಗೆ ಜಾಗ್ರತೆ. ಅದರಲ್ಲಿ ಎಷ್ಟೋ ಪುಟಗಳು ಕೊನೆಗೆ ಒಂದು ಕ್ಲೀನರ್ ಮಾರಲಿಕ್ಕೇ ಇರುವಂಥವು. ಉಚಿತ ಸ್ಕ್ಯಾನ್ ಅಂತ ಹಾಕಿಸಿ, ಸಾವಿರಾರು ದೋಷ ತೋರಿಸಿ, ತೆಗೆಯಲು ದುಡ್ಡು ಕೇಳುತ್ತವೆ.

ಉಳಿದ ಸಣ್ಣ ಜಾಗಗಳನ್ನು ಬೇಗ ಹೇಳಿಬಿಡುತ್ತೇನೆ. ಡೆಸ್ಕ್‌ಟಾಪ್‌ನಲ್ಲಿರುವ ಕ್ರೋಮ್ ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಟಾರ್ಗೆಟ್ ಅನ್ನುವ ಸಾಲಿನ ಕೊನೆಯಲ್ಲಿ ಯಾವುದೋ ವೆಬ್ ವಿಳಾಸವನ್ನೋ, ಎಕ್ಸ್‌ಟೆನ್ಶನ್ ಲೋಡ್ ಮಾಡು ಅನ್ನುವ ಆದೇಶವನ್ನೋ ಅಂಟಿಸಿದ್ದರೆ ಆ ಶಾರ್ಟ್‌ಕಟ್ ಅಳಿಸಿ ಹೊಸದು ಮಾಡಿ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ (ಇಂಟರ್‌ನೆಟ್ ಅನ್ನು ಬೇರೊಂದು ಕಂಪ್ಯೂಟರ್ ಮೂಲಕ ಕಳಿಸುವ ಏರ್ಪಾಡು) ಆನ್ ಇದ್ದರೆ, ನೀವು ಹಾಕಿದ್ದಲ್ಲದಿದ್ದರೆ, ಆಫ್ ಮಾಡಿ. ಯಾವ ಸೈಟ್ ಹೆಸರು ಯಾವ ವಿಳಾಸಕ್ಕೆ ಹೋಗಬೇಕು ಅಂತ ಬರೆದಿಡುವ ವಿಂಡೋಸ್‌ನ ಹೋಸ್ಟ್ಸ್ ಫೈಲ್ ಕೂಡ ಒಮ್ಮೆ ನೋಡಿ.

ಸಿಂಕ್ ವಿಷಯ ಮಾತ್ರ ಸಣ್ಣದಲ್ಲ. ಗೂಗಲ್ ಖಾತೆಯಲ್ಲಿ ಸೈನ್ ಇನ್ ಆಗಿ ಸಿಂಕ್ ಆನ್ ಇದ್ದರೆ, ಎಕ್ಸ್‌ಟೆನ್ಶನ್‌ಗಳೂ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಹೋಗುತ್ತವೆ. ಇಲ್ಲಿ ತೆಗೆದದ್ದು ಅಲ್ಲಿಂದ ವಾಪಸ್ ಬರಬಹುದು. ಮೇಷ್ಟ್ರ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಮಗನ ಖಾತೆಯೇ ಇತ್ತು. ಇಂಥದ್ದು ನಮ್ಮ ಊರಿನಲ್ಲಿ ಎಷ್ಟು ಮನೆಗಳಲ್ಲಿ ಇದೆಯೋ. ಮಗನಿಗೆ ಫೋನ್ ಮಾಡಿದೆವು. “ಅಕ್ಕ, ನನ್ನದರಲ್ಲೂ ಗುರುತಿಲ್ಲದ ಒಂದು ಉಂಟು, ಬೇರೆ ಹೆಸರು” ಅಂದ. ಅವನು ಅಲ್ಲಿ ತೆಗೆದ. ನಾವು ಇಲ್ಲಿ ಅವನ ಖಾತೆ ತೆಗೆದು ಮೇಷ್ಟ್ರ ಹೆಸರಿನಲ್ಲೇ ಬೇರೆ ಪ್ರೊಫೈಲ್ ಮಾಡಿದೆವು.

ಅಪ್ಪ ಅಮ್ಮನಿಗೆ ಹಳೇ ಲ್ಯಾಪ್‌ಟಾಪ್ ಕೊಡುವ ಮಕ್ಕಳಲ್ಲಿ ನನ್ನ ವಿನಂತಿ ಇದು. ಕೊಡುವ ಮುಂಚೆ ನಿಮ್ಮ ಖಾತೆ ತೆಗೆಯಿರಿ. ಎಕ್ಸ್‌ಟೆನ್ಶನ್ ಪಟ್ಟಿ ಖಾಲಿ ಮಾಡಿ. ಒಳ್ಳೆಯದು ಅಂತ ಹಾಕಿದ್ದೂ ಒಳ್ಳೆಯದಾಗೇ ಉಳಿಯುತ್ತದೆ ಅಂತಿಲ್ಲ. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದು ಎಕ್ಸ್‌ಟೆನ್ಶನ್ ಇತ್ತು, ಬಹಳ ಜನ ನೆಚ್ಚಿಕೊಂಡಿದ್ದರು. 2020ರಲ್ಲಿ ಅದು ಬೇರೆಯವರ ಕೈಗೆ ಮಾರಾಟವಾಯಿತು. 2021ರ ಫೆಬ್ರವರಿಯಲ್ಲಿ ಅದರಲ್ಲಿ ಮಾಲ್‌ವೇರ್ ಇದೆ ಅಂತ ಗೂಗಲ್ ಅದನ್ನು ತೆಗೆದುಹಾಕಿತು. ಬಳಸುವವರು ಏನೂ ಮಾಡಿರಲಿಲ್ಲ. ಜಾಹೀರಾತು ತಡೆಯಲು ಒಂದು ಬ್ಲಾಕರ್ ಇದ್ದರೆ ಸಾಕು. ಕ್ರೋಮ್‌ನಲ್ಲಿ ಈಗ ಯುಬ್ಲಾಕ್ ಒರಿಜಿನ್ ಲೈಟ್ ನಡೆಯುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಯುಬ್ಲಾಕ್ ಒರಿಜಿನ್ ನಡೆಯುತ್ತದೆ. ನಾನು ಹಿರಿಯರಿಗೆ ಫೈರ್‌ಫಾಕ್ಸ್ ಹಾಕಿಕೊಡುವುದೇ ಜಾಸ್ತಿ.

ಬರೀ ಜಾಹೀರಾತು ತಾನೇ, ಇರಲಿ ಬಿಡಿ ಅನ್ನುವವರು ಇದ್ದಾರೆ. ಹಾಗೆ ಬಿಡಬೇಡಿ. ಹುಡುಕಾಟ ತಿರುಗಿಸುವವರಿಗೆ ಅದರ ಮೇಲೆ ಬೀಳುವ ಕ್ಲಿಕ್‌ಗಳಿಂದ ದುಡ್ಡು ಬರುತ್ತದೆ, ಅದಕ್ಕೇ ಅಷ್ಟು ಹಟದಿಂದ ಅಂಟಿಕೊಂಡಿರುವುದು. ಅದಕ್ಕಿಂತ ದೊಡ್ಡ ವಿಷಯ, ಇಂಥ ಎಕ್ಸ್‌ಟೆನ್ಶನ್‌ಗೆ ಎಲ್ಲ ವೆಬ್‌ಸೈಟ್‌ಗಳಲ್ಲಿ ನೀವು ನೋಡುವುದನ್ನು ಓದುವ, ಬದಲಿಸುವ ಅನುಮತಿ ಇರುತ್ತದೆ. ಬ್ಯಾಂಕ್ ಪುಟವೂ ಅದರಲ್ಲಿ ಸೇರಿತು. ಹಾಗಾಗಿ ಎಲ್ಲ ಸ್ವಚ್ಛ ಆದ ಮೇಲೆ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಆ ಕೆಲಸವನ್ನು ಬೇರೆ ಫೋನಿನಿಂದ ಮಾಡಿದರೆ ಇನ್ನೂ ಒಳ್ಳೆಯದು.

ಮೇಷ್ಟ್ರ ಮನೆಯ ಟೀಚರಮ್ಮ ಆಮೇಲೆ ಫೋನಿನಲ್ಲಿ ಒಂದು ಮಾತು ಹೇಳಿದರು. ಒಂದು ಮಧ್ಯಾಹ್ನ ಪರದೆ ತುಂಬಾ ಕೆಂಪು ಪುಟ ಬಂದು, ಜೋರಾಗಿ ಸದ್ದು ಮಾಡಿ, ‘ಕೂಡಲೇ ಈ ನಂಬರಿಗೆ ಕರೆ ಮಾಡಿ’ ಅಂತ ತೋರಿಸಿತ್ತಂತೆ. ಮುಚ್ಚಲು ಹೋದರೆ ಮುಚ್ಚುತ್ತಿರಲಿಲ್ಲ. ಅವರು ನಂಬರ್ ಬರೆದುಕೊಂಡರು, ಆದರೆ ಅವತ್ತು ಟವರ್ ಇರಲಿಲ್ಲ, ಕರೆ ಹೋಗಲಿಲ್ಲ. ಕೇಳಿ ನನ್ನ ಎದೆ ಧಸಕ್ ಅಂದಿತು. ಆ ನಂಬರಿನ ಆ ಕಡೆ ಇರುವವರು ರಿಮೋಟ್ ಆಪ್ ಹಾಕಿಸಿ, ಬ್ಯಾಂಕ್ ತೆರೆಸಿ, ಖಾತೆ ಖಾಲಿ ಮಾಡುವವರು. ಒಬ್ಬರೇ ಮನೆಯಲ್ಲಿರುವ ಹಿರಿಯರನ್ನು ಹೆದರಿಸಿ ದುಡ್ಡು ಕಿತ್ತುಕೊಳ್ಳುವ ಈ ಕೆಲಸಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ.

ನಿಜವಾದ ಯಾವ ವೈರಸ್ ಎಚ್ಚರಿಕೆಯಲ್ಲೂ ಫೋನ್ ನಂಬರ್ ಇರುವುದಿಲ್ಲ. ಅಂಥ ಪುಟ ಬಂದರೆ ಎಸ್ಕೇಪ್ ಕೀ ಒತ್ತಿ ಹಿಡಿಯಿರಿ, ಪೂರ್ತಿ ಪರದೆಯಿಂದ ಹೊರಗೆ ಬರುತ್ತದೆ. ಆಮೇಲೆ ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಮುಚ್ಚಿ. ಅದೂ ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿಬಿಡಿ. ಕರೆ ಮಾಡಿ ದುಡ್ಡು ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಕೂರಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ದುಡ್ಡು ತಡೆಯುವ ಅವಕಾಶ ಜಾಸ್ತಿ.

ಅಂಗಡಿಗೆ ತರುವ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಇದೆ. ಮೇಲೆ ಹೇಳಿದ ನೋಟಿಫಿಕೇಶನ್ಸ್ ಪುಟದಲ್ಲೇ, ಯಾವ ಸೈಟ್‌ಗೂ ನೋಟಿಫಿಕೇಶನ್ ಕಳಿಸಲು ಬಿಡಬೇಡ ಅನ್ನುವ ಆಯ್ಕೆ ಇದೆ. ಅದನ್ನು ಒತ್ತಿದರೆ ಆಮೇಲೆ ಆ ‘ಅಲೋ’ ಪ್ರಶ್ನೆಯೇ ಬರುವುದಿಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲೂ ಸೈಟ್ ಸೆಟ್ಟಿಂಗ್ಸ್ ಒಳಗೆ ಇದೇ ಆಯ್ಕೆ ಇದೆ, ಅಲ್ಲೂ ಮಾಡಿ. ಆಮೇಲೆ ಪಾಲಿಸಿ ಪುಟ ತೆರೆದು ನೋಡಿ. ಅದರಲ್ಲಿ ಏನಾದರೂ ಬರೆದಿದ್ದರೆ ಏನನ್ನೂ ಅಳಿಸದೆ ಹಾಗೇ ತನ್ನಿ. ಅಳಿಸದೆ ತಂದರೆ ದಿನಾಂಕ, ದಾರಿ ಎಲ್ಲ ಅಲ್ಲೇ ಇರುತ್ತದೆ, ಹುಡುಕುವುದು ಬೇಗ ಆಗುತ್ತದೆ. ಸಂತೆ ದಿನ ಬಿಟ್ಟು ಬೇರೆ ದಿನ ಬಂದರೆ ಪಕ್ಕದಲ್ಲೇ ಕೂತು ನೋಡುತ್ತಾ ಕಲಿಯಬಹುದು. ಚಾರ್ಜರ್ ಜೊತೆಗೆ ತನ್ನಿ.